ಅಜ್ಜನ ಫಿಯೆಟ್ಟಿಗೆ ಮತ್ತೆ ನಂಬರು ಸಿಕ್ಕಿದ್ದು

"ಸಹಿ ಮಾಡ್ತೀನಿ. ಆದ್ರ ಗಾಡಿ ರೆಡಿ ಆದ ಮ್ಯಾಲೆ ಮೊದ್ಲು ನಮ್ಮ ಮನಿ ಬಾಗಿಲಿಗೆ ಬರಬೇಕು ನೋಡು" ಅಂದರು ಸಿರುಗುಪ್ಪದ ದೊಡ್ಡತ್ತೆ. ಅಜ್ಜನ ಕಾರು ನನ್ನ ಹೆಸರಿಗಾಗಲು ಅವರ ಒಪ್ಪಿಗೆ ಬೇಕಿತ್ತು. ಛಾಪಾ ಕಾಗದ ಅವರ ಮುಂದಿತ್ತು, ಪೆನ್ನು ಕೈಯಲ್ಲಿತ್ತು. ನಾನು ಹೂಂ ಅನ್ನುವವರೆಗೂ ಆ ಪೆನ್ನು ಕಾಗದಕ್ಕೆ ತಾಗಲಿಲ್ಲ. 2022ರ ದೀಪಾವಳಿ ಮುಗಿದ ವಾರ ಅದು. ಕಾರು ಆಗ ಬಳ್ಳಾರಿಯ ನಮ್ಮ ಹಳೆ ಅರಳೆ ಗೋದಾಮಿನಲ್ಲಿ, ನಾಲ್ಕೂ ಟೈರು ಕೂತು, ಮೈತುಂಬ ತಾಡಪತ್ರಿ ಹೊದ್ದು 23 ವರ್ಷದಿಂದ ನಿಂತಿತ್ತು.

1971ರ ಫಿಯೆಟ್ 1100 ಡಿಲೈಟ್. ಅಜ್ಜನದು ಅರಳೆ ವ್ಯಾಪಾರ. ಆದೋನಿ, ಗುಂತಕಲ್, ರಾಯಚೂರು ಅಂತ ಮಂಡಿಯಿಂದ ಮಂಡಿಗೆ ತಿರುಗಾಟ. ಹೆಸರು ಬರೆಸಿ ವರ್ಷಗಟ್ಟಲೆ ಕಾದ ಮೇಲೆ ಕೈಗೆ ಬಂದ ಗಾಡಿ ಇದು. ವಾಲ್‌ಚಂದ್ ಹೀರಾಚಂದ್ 1944ರಲ್ಲಿ ಕಟ್ಟಿದ ಪ್ರೀಮಿಯರ್ ಆಟೊಮೊಬೈಲ್ಸ್ ಕಂಪನಿ, ಇಟಲಿಯ ಫಿಯೆಟ್ ಪರವಾನಗಿಯ ಮೇಲೆ ಮುಂಬೈನ ಕುರ್ಲಾದಲ್ಲಿ ಇದನ್ನು ಮಾಡುತ್ತಿತ್ತು. 1964ರಲ್ಲಿ ಡಿಲೈಟ್ ಬಂತು, ಎಪ್ಪತ್ತರ ದಶಕದಲ್ಲಿ ಹೆಸರು ಮೊದಲು ಪ್ರೀಮಿಯರ್ ಪ್ರೆಸಿಡೆಂಟ್ ಆಯಿತು, ಆಮೇಲೆ ಪದ್ಮಿನಿ. ನಮ್ಮ ಕಡೆ ಮಾತ್ರ ಮೂರಕ್ಕೂ ಒಂದೇ ಹೆಸರು, ಫಿಯೆಟ್ಟು.

ಹಳೆ ಕಾರಿನ ಹುಚ್ಚಿರುವ ನಾಲ್ಕು ಜನ ಸೇರಿದರೆ ಯಾವ ಗಾಡಿ ಬೇಕು ಅನ್ನುವ ಮಾತು ಬಂದೇ ಬರುತ್ತದೆ. ಒಬ್ಬರಿಗೆ ಅಂಬಾಸಿಡರ್, ಒಬ್ಬರಿಗೆ ವಿಲ್ಲಿಸ್ ಜೀಪು, ಇನ್ನೊಬ್ಬರಿಗೆ ಮದ್ರಾಸಿನಲ್ಲಿ ತಯಾರಾಗುತ್ತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡ್. ಅಂಬಾಸಿಡರ್ ಬಗ್ಗೆ ನನಗೂ ಗೌರವವಿದೆ, ಎತ್ತಿನ ಹಾಗೆ ದುಡಿಯುವ ಗಾಡಿ. ಆದರೆ ಓಡಿಸುವ ಸುಖ ಫಿಯೆಟ್ಟಿನದೇ. ಎಂಜಿನ್ನು 1089 ಸಿಸಿ, ಶಕ್ತಿ 40 ಅಶ್ವಶಕ್ತಿಯ ಆಸುಪಾಸು. ಗೇರು ಸ್ಟೀರಿಂಗಿನ ಮಗ್ಗುಲಲ್ಲಿ. ಮೈ ಹಗುರ, ಸ್ಟೀರಿಂಗು ಹೇಳಿದ ಕಡೆ ತಿರುಗುತ್ತದೆ. ಬ್ರೂಸ್ ಪೇಟೆಯ ಸಂದಿಗಳಲ್ಲಿ ಅಜ್ಜ ಒಂದೇ ಕೈಯಲ್ಲಿ ತಿರುಗಿಸುತ್ತಿದ್ದುದನ್ನು ಪಕ್ಕದಲ್ಲಿ ಕೂತು ನೋಡಿದವನು ನಾನು. ಬೇರೆ ಕಾರಿನ ಆಸೆ ನನಗೆ ಹುಟ್ಟಲೇ ಇಲ್ಲ.

ಅಜ್ಜ 1996ರಲ್ಲಿ ಹೋದರು. ಅಪ್ಪ ಮೂರು ವರ್ಷ ಓಡಿಸಿ ಗೋದಾಮಿಗೆ ಸೇರಿಸಿದರು. ಅಪ್ಪನೂ ಹೋದ ಮೇಲೆ ಗೋದಾಮು ಖಾಲಿ ಮಾಡುವ ಮಾತು ಎದ್ದಿತು. ಗುಜರಿಯವರು ಬಂದು ಬಾನೆಟ್ಟು ತಟ್ಟಿ ತೂಕದ ಲೆಕ್ಕದಲ್ಲಿ ಬೆಲೆ ಹೇಳಿದರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬೆಳಿಗ್ಗೆ ಎದ್ದವನೇ ಕೌಲ್ ಬಜಾರಿನ ಮೆಕ್ಯಾನಿಕ್ ಚಾಚಾನ ಹತ್ತಿರ ಹೋದೆ.

ಚಾಚಾನಿಗೆ ಎಪ್ಪತ್ತು ದಾಟಿದೆ. ಅಜ್ಜನ ಕಾಲದಲ್ಲಿ ಈ ಗಾಡಿಗೆ ಆಯಿಲ್ ಬದಲಿಸುತ್ತಿದ್ದ ಹುಡುಗ ಅವರೇ. ಗೋದಾಮಿಗೆ ಬಂದು ತಾಡಪತ್ರಿ ಎತ್ತಿದರು. ಮಾತಾಡಲಿಲ್ಲ. ಕೆಳಗೆ ಬಗ್ಗಿ ಟಾರ್ಚು ಬಿಟ್ಟು ಉದ್ದಕ್ಕೂ ನೋಡಿದರು. ಎಂಜಿನ್ ಆಯಿಲ್ ಅಳೆಯುವ ಕಡ್ಡಿ, ಡಿಪ್‌ಸ್ಟಿಕ್ಕು, ಎಳೆದು ಮೂಸಿದರು.

"ಬಳ್ಳಾರಿ ಬಿಸಲು ಇದನ್ನ ಕಾಪಾಡೇತಿ ನೋಡಪಾ. ಮಂಗ್ಳೂರಾಗ ಇದ್ದಿದ್ರ ಇಷ್ಟೊತ್ತಿಗೆ ಬರೇ ತುಕ್ಕು ಉಳೀತಿತ್ತು. ಫ್ಲೋರು ಒಂದು ಕಡೆ ಹೋಗೇತಿ, ಮ್ಯಾಲಿನ ತಗಡು ಸೋರಿ ನೀರು ಬಿದ್ದೇತಿ. ಉಳಿದದ್ದು ಮಾಡಾಣ."

"ಎಂಜಿನ್ನು?"

"ಜಾಮ್ ಐತಿ. ಜಾಮ್ ಆಗಿದ್ದು ಬಿಡಸಬೋದು. ಅದರ ಬದಲಿಗೆ ಮಾರುತಿ ಎಂಜಿನ್ ಕೂಡಸು ಅಂತೀಯೇನು, ನಾನು ಒಲ್ಲೆ. ಈಗ್ಲೇ ಹೇಳಿಬಿಡು."

ಎಷ್ಟೋ ಫಿಯೆಟ್ಟುಗಳಿಗೆ ಹಾಗೆ ಆಗಿದೆ. ಮಾರುತಿ ಓಮ್ನಿ ಎಂಜಿನ್ನೋ, ಡೀಸೆಲ್ ಎಂಜಿನ್ನೋ ಕೂಡಿಸಿ ಓಡಿಸುವವರಿದ್ದಾರೆ. ಬಿಡಿಭಾಗ ಸಿಗದ ಕಾಲದಲ್ಲಿ ಅದೊಂದು ದಾರಿಯಾಗಿತ್ತು, ಬೈಯಲಾರೆ. ಆದರೆ ಹಾಗೆ ಮಾಡಿದರೆ ಆರ್‌ಸಿ ಪುಸ್ತಕದ ಎಂಜಿನ್ ನಂಬರಿಗೂ ಗಾಡಿಗೂ ತಾಳೆಯಾಗುವುದಿಲ್ಲ, ಬದಲಾವಣೆಗೆ ಮೊದಲೇ ಅನುಮತಿ ಪಡೆಯಬೇಕು. ಅದಕ್ಕಿಂತ ದೊಡ್ಡ ಕಾರಣ ಸದ್ದು. ಆ ಎಂಜಿನ್ನು ಐಡ್ಲಿಂಗಿನಲ್ಲಿ, ಅಂದರೆ ಗಾಡಿ ನಿಂತಿದ್ದಾಗ, ಮಾಡುವ ಸಪ್ಪಳ ಇಲ್ಲದ ಮೇಲೆ ನನಗೆ ಆ ಗಾಡಿ ಯಾಕೆ ಬೇಕು? ಚಾಚಾನಿಗೆ ಹಾಗೇ ಹೇಳಿದೆ. ಅವರು ಅಂಗಿಯ ತೋಳು ಮಡಚಿದರು.

ನಾಲ್ಕು ಪ್ಲಗ್ಗು ಬಿಚ್ಚಿ, ಆ ತೂತುಗಳಲ್ಲಿ ಡೀಸೆಲ್ಲು ಮತ್ತು ಎಂಜಿನ್ ಆಯಿಲ್ಲು ಬೆರೆಸಿ ಹುಯ್ದು ಬಿಟ್ಟೆವು. ದಿನಾ ಸಂಜೆ ಅಂಗಡಿ ಮುಚ್ಚಿ ಹೋಗಿ ಕ್ರ್ಯಾಂಕ್ ಪುಲ್ಲಿಯ ನಟ್ಟಿಗೆ ಪಾನಾ ಹಾಕಿ ಮೆಲ್ಲಗೆ ಆ ಕಡೆ ಈ ಕಡೆ ಅಲುಗಿಸುವುದು ನನ್ನ ಕೆಲಸ. ಜೋರು ಮಾಡಬಾರದು, ರಿಂಗು ಮುರಿಯುತ್ತದೆ ಅಂತ ಚಾಚಾನ ಕಟ್ಟಪ್ಪಣೆ. ಒಂಬತ್ತನೇ ದಿನ ಪಾನಾ ಒಂದು ಬೆರಳಷ್ಟು ಹೋಯಿತು. ಹತ್ತನೇ ದಿನ ಅರ್ಧ ಸುತ್ತು. ನಾನು ಗೋದಾಮಿನಿಂದಲೇ ಫೋನು ಮಾಡಿದೆ. "ಅಲ್ಲಿಗೇ ಬಿಡು, ಇನ್ನ ಮುಟ್ಟಬ್ಯಾಡ, ನಾಳೆ ಇಳಸ್ತೀವಿ" ಅಂದರು.

ಇಳಿಸಿ ಬಿಚ್ಚಿದಾಗ ಪಿಸ್ಟನ್ನು ಓಡಾಡುವ ಬೋರು ಸವೆದಿತ್ತು. ಓವರ್‌ಸೈಜ್ ಪಿಸ್ಟನ್ನು, ರಿಂಗು, ಬೇರಿಂಗು ಎಲ್ಲ ಹೊಸದು ಬೇಕಾಯಿತು. ಇಲ್ಲಿ ಇನ್ನೊಂದು ವಿಷಯವಿದೆ. ಈ ಗಾಡಿ ಗೋದಾಮು ಸೇರಿದಾಗ ಕುಡಿಯುತ್ತಿದ್ದದ್ದು ಸೀಸ ಬೆರೆತ ಪೆಟ್ರೋಲು. 2000ದ ಫೆಬ್ರವರಿಯಿಂದ ದೇಶದಾದ್ಯಂತ ಸೀಸ ನಿಂತಿತು. ಹಳೆ ಎಂಜಿನ್ನುಗಳಲ್ಲಿ ವಾಲ್ವು ಬಡಿಯುವ ಜಾಗಕ್ಕೆ ಆ ಸೀಸವೇ ಮೆತ್ತನೆ ಪದರ ಕೊಡುತ್ತಿತ್ತು. ಅದಿಲ್ಲದೆ ದಿನವೂ ಓಡಿಸಿದರೆ ವಾಲ್ವ್ ಸೀಟು ಸವೆದು ಒಳಗಿಳಿಯುತ್ತದೆ. ಹೇಗೂ ಎಂಜಿನ್ನಿನ ಮೇಲ್ಭಾಗ, ಹೆಡ್ಡು, ಬಿಚ್ಚಿದೆ ಅಂತ ಗಟ್ಟಿ ಲೋಹದ ಸೀಟು ಕೂಡಿಸಿದೆವು. ಈಗಿನ ಪೆಟ್ರೋಲಿನ ಕಾಟ ಬೇರೆಯೇ ಇದೆ, ಎಥನಾಲು. 2022ರಲ್ಲೇ ಅದು ಶೇ 10 ಮುಟ್ಟಿತ್ತು, ಈಗ ಶೇ 20. ಹಳೆ ರಬ್ಬರಿಗೆ ಅದು ಆಗಿಬರುವುದಿಲ್ಲ, ಪೈಪು ಮೆತ್ತಗಾಗಿ ಬಿರಿಯುತ್ತದೆ, ಪಂಪಿನೊಳಗಿನ ತೆಳು ಪೊರೆ, ಡಯಾಫ್ರಮ್ಮು, ಹೋಗುತ್ತದೆ. ಎಥನಾಲು ನೀರಿನ ಪಸೆಯನ್ನೂ ಎಳೆದುಕೊಳ್ಳುವುದರಿಂದ ಟ್ಯಾಂಕು ತುಂಬಿಸಿ ತಿಂಗಳುಗಟ್ಟಲೆ ನಿಲ್ಲಿಸಿದರೆ ಒಳಗೆ ತುಕ್ಕು. ಟ್ಯಾಂಕಿನಿಂದ ಕಾರ್ಬುರೇಟರಿನವರೆಗೆ ಇದ್ದ ರಬ್ಬರೆಲ್ಲ ತೆಗೆಸಿ, ಎಥನಾಲು ತಡೆಯುವ ಪೈಪು ಹಾಕಿಸಿದೆ. ಹಳೆ ಗಾಡಿ ಇಟ್ಟವರು ಬೇರೆ ಏನು ಮುಂದೂಡಿದರೂ ಇದನ್ನು ಮುಂದೂಡಬೇಡಿ. ಬಿಸಿ ಎಂಜಿನ್ನಿನ ಮೇಲೆ ಪೆಟ್ರೋಲು ಸೋರಿದರೆ ಆಗುವುದು ಏನೆಂದು ಹೇಳಬೇಕಿಲ್ಲ.

ಬಿಡಿಭಾಗ ಎಲ್ಲಿ ಸಿಗುತ್ತದೆ ಅಂತ ಈಗಲೂ ಕೇಳುತ್ತಾರೆ. ನನಗೆ ಸಿಕ್ಕಿದ್ದು ಮುಂಬೈಯಲ್ಲಿ. ಅಲ್ಲಿನ ಕಪ್ಪು ಹಳದಿ ಟ್ಯಾಕ್ಸಿಗಳು ಒಂದು ಕಾಲಕ್ಕೆ ಬಹುಪಾಲು ಇದೇ ವಂಶದವಾಗಿದ್ದವು. ಟ್ಯಾಕ್ಸಿಗೆ ಅಲ್ಲಿ 20 ವರ್ಷದ ಮಿತಿ. ಕೊನೆಯ ಪದ್ಮಿನಿ ಟ್ಯಾಕ್ಸಿ 2003ರಲ್ಲಿ ನೋಂದಣಿಯಾಗಿದ್ದು 2023ರ ಅಕ್ಟೋಬರ್ ಕೊನೆಗೆ ಅದೂ ರಸ್ತೆಯಿಂದ ಇಳಿಯಿತು. ನಾನು ಹೋದದ್ದು ಆ ವರ್ಷದ ಜನವರಿಯಲ್ಲಿ, ಗುಂತಕಲ್ಲಿನಿಂದ ರೈಲು ಹಿಡಿದು. ಕುರ್ಲಾದ ಗುಜರಿ ಸಾಲಿನಲ್ಲಿ ಮೂರು ದಿನ ತಿರುಗಿದೆ. ಈ ಕಾರು ಹುಟ್ಟಿದ್ದೂ ಕುರ್ಲಾದಲ್ಲೇ, ಅದರ ಕೈಕಾಲು ಹುಡುಕಲು ಹೋದದ್ದೂ ಕುರ್ಲಾಕ್ಕೇ. ಡಿಲೈಟಿನ ಮುಂದಿನ ಜಾಲರಿ ಪದ್ಮಿನಿಯದಕ್ಕಿಂತ ಬೇರೆ, ಅದು ಸಿಗಲಿಲ್ಲ, ನಮ್ಮದನ್ನೇ ತಟ್ಟಿ ನೆಟ್ಟಗೆ ಮಾಡಿಸಿದೆ. ಎಂಜಿನ್ನು, ಬ್ರೇಕು, ಗೇರ್ ಲಿಂಕೇಜು ಮಾತ್ರ ಬಹುಪಾಲು ಒಂದೇ. ವೀಲ್ ಸಿಲಿಂಡರಿನ ಕಿಟ್ಟು, ಲಿಂಕೇಜಿನ ಬುಷ್ಷು, ಡಿಸ್ಟ್ರಿಬ್ಯೂಟರ್ ಕ್ಯಾಪು, ಎರಡು ಜೊತೆ ಪಾಯಿಂಟು, ಕಂಡೆನ್ಸರು ಎಲ್ಲ ಒಂದು ಗೋಣಿಚೀಲದಲ್ಲಿ ಕಟ್ಟಿಕೊಂಡು ಬಂದೆ.

ಬ್ರೇಕಿನ ಕೆಲಸ ಎಂಜಿನ್ನಿಗಿಂತ ಮೊದಲೇ ಮುಗಿಯಬೇಕು ಅಂತ ಚಾಚಾ ಹಟ ಹಿಡಿದಿದ್ದರು. ನಾಲ್ಕೂ ಚಕ್ರಕ್ಕೆ ಡ್ರಮ್ಮು, ಆಯಿಲ್ ಹೋಗುವ ದಾರಿ ಒಂದೇ. ಎಲ್ಲಾದರೂ ಒಂದು ಕಡೆ ಸೋರಿದರೆ ನಾಲ್ಕೂ ಹೋದಂತೆ. ಹೀಗಾಗಿ ಹಳೆ ಪೈಪು ಒಂದನ್ನೂ ಉಳಿಸಲಿಲ್ಲ. ಮಾಸ್ಟರ್ ಸಿಲಿಂಡರು ಬಿಚ್ಚಿದಾಗ ಒಳಗೆ ಬೆಲ್ಲದ ಪಾಕದ ಹಾಗೆ ಗಟ್ಟಿಯಾಗಿದ್ದ ಹಳೆ ಆಯಿಲ್ಲು ಕಂಡಿತು.

ಹೆಡ್ಡಿನ ಕತೆಗೆ ಬರುತ್ತೇನೆ. ನಾವು ಎರಡು ತಿಂಗಳು ಕಳೆದುಕೊಂಡದ್ದು ಅಲ್ಲೇ.

ಫಿಯೆಟ್ಟಿನ ಬ್ಲಾಕು ಬೀಡುಕಬ್ಬಿಣ, ಮೇಲಿನ ಹೆಡ್ಡು ಅಲ್ಯೂಮಿನಿಯಂ. ಎರಡೂ ಬಿಸಿಗೆ ಹಿಗ್ಗುವ ರೀತಿ ಬೇರೆ. ಒಮ್ಮೆ ಎಂಜಿನ್ನು ಮಿತಿಮೀರಿ ಕಾದರೆ ಹೆಡ್ಡು ಸೊಟ್ಟಗಾಗುತ್ತದೆ. ನಮ್ಮದೂ ಎಂದೋ ಕಾದಿತ್ತು. ಅದನ್ನು ಸಮ ಮಾಡಿಸಲು ಬೇರೆ ಊರಿನ ಒಂದು ಲೇತ್ ಅಂಗಡಿಗೆ ಕಳಿಸಿದೆವು. ಫಳಫಳ ಹೊಳೆಯುತ್ತ ವಾಪಸ್ಸು ಬಂತು. ಚಾಚಾ ಆ ವಾರ ಮೊಮ್ಮಗಳ ಮದುವೆಗೆ ಹೋಗಿದ್ದರು. ಅವರ ಶಿಷ್ಯ, ನಾನು ಇಬ್ಬರೂ ಸೇರಿ ಕೂಡಿಸಿಬಿಟ್ಟೆವು. ಎಂಜಿನ್ನು ಸ್ಟಾರ್ಟ್ ಆಯಿತು. 23 ವರ್ಷದ ಮೇಲೆ ಆ ಸದ್ದು ಗೋದಾಮಿನ ತಗಡಿಗೆ ಬಡಿದು ತಿರುಗಿ ಬಂದಾಗ ನನ್ನ ಕಣ್ಣಲ್ಲಿ ನೀರಿತ್ತು, ಹುಡುಗನೂ ಕುಣಿದ. ಕಾಂಪೌಂಡಿನೊಳಗೇ ಸುತ್ತು ಹಾಕಿದೆ. ಆರನೆಯದೋ ಏಳನೆಯದೋ ಸುತ್ತಿಗೆ ಬಿಸಿಯ ಮುಳ್ಳು ಏರತೊಡಗಿತು. ಹಿಂದಿನಿಂದ ಬಿಳಿ ಹೊಗೆ. ನಿಲ್ಲಿಸಿ ಡಿಪ್‌ಸ್ಟಿಕ್ಕು ಎಳೆದರೆ ಆಯಿಲ್ಲು ಹಾಲು ಹೆಚ್ಚಾದ ಚಹಾದ ಬಣ್ಣಕ್ಕೆ ತಿರುಗಿತ್ತು. ನೀರು ಸೇರಿಕೊಂಡಿತ್ತು.

ಚಾಚಾ ಬಂದವರು ಬೈಯಲಿಲ್ಲ. ಹೆಡ್ಡು ಬಿಚ್ಚಿಸಿ, ಒರೆಸಿ, ಮಗುಚಿ ಬಿಸಿಲಿಗೆ ಎದುರಾಗಿ ಹಿಡಿಸಿದರು. ತಮ್ಮ ಉಕ್ಕಿನ ಸ್ಕೇಲನ್ನು ಅಂಚಿನ ಮೇಲೆ ನಿಲ್ಲಿಸಿ "ಇಲ್ಲಿ ಕಣ್ಣಿಟ್ಟು ನೋಡು" ಅಂದರು. ನೋಡಿದೆ. ಸ್ಕೇಲಿನ ಎರಡು ತುದಿ ಲೋಹಕ್ಕೆ ಅಂಟಿದ್ದವು. ನಡುವೆ, ಎರಡನೇ ಮೂರನೇ ಸಿಲಿಂಡರಿನ ಸಂದಿನಲ್ಲಿ, ಕೂದಲೆಳೆಯಷ್ಟು ಬೆಳಕು. ಅಲ್ಲಿಗೆ ಸಂದಿ ಅಳೆಯುವ ಫೀಲರ್ ಗೇಜಿನ ತೆಳು ಎಲೆಯೊಂದನ್ನು ತೂರಿಸಿದರು, ಅದು ಸಲೀಸಾಗಿ ಆ ಕಡೆಗೆ ಹೊರಬಂತು. ಹೊಳಪು ಕೊಟ್ಟಿದ್ದರೇ ಹೊರತು ಸಮ ಮಾಡಿರಲಿಲ್ಲ. ಹಿಡಿದು ಕೂಡಿಸುವಾಗ ಹೆಡ್ಡನ್ನೇ ಬಗ್ಗಿಸಿ ಬಿಗಿದಿರಬೇಕು, ಬಿಚ್ಚಿದ ಮೇಲೆ ಮತ್ತೆ ತನ್ನ ಸೊಟ್ಟಕ್ಕೆ ಮರಳಿದೆ ಅಂತ ಚಾಚಾನ ಊಹೆ. ಆ ಬೆಳಕಿನ ಗೆರೆ ಈಗಲೂ ನನ್ನ ಕಣ್ಣ ಮುಂದಿದೆ. ಆವತ್ತಿನಿಂದ ಯಾವ ಕೆಲಸ ಹೊರಗೆ ಮಾಡಿಸಿದರೂ ಸ್ಕೇಲು ಇಡದೆ ದುಡ್ಡು ಕೊಡುವುದಿಲ್ಲ. ಎರಡನೇ ಸಲ ಬಳ್ಳಾರಿಯಲ್ಲೇ, ಚಾಚಾ ಪಕ್ಕದಲ್ಲಿ ಸ್ಟೂಲು ಹಾಕಿ ಕೂತು ಮಾಡಿಸಿದರು. ಬ್ಲಾಕಿಗೂ ಹೆಡ್ಡಿಗೂ ನಡುವೆ ಹೊಸ ಗ್ಯಾಸ್ಕೆಟ್ಟು, ಬೋಲ್ಟು ಬಿಗಿಯುವಾಗ ನಡುವಿನಿಂದ ಹೊರಕ್ಕೆ, ಮೂರು ಸುತ್ತಿನಲ್ಲಿ ಸ್ವಲ್ಪ ಸ್ವಲ್ಪ.

ಎಂಜಿನ್ನು ಹೀಗೆ ಕಾಯುವ ಕಾಟಕ್ಕೆ ಮೂಲ ಅದನ್ನು ನೀರಿನಿಂದ ತಣಿಸುವ ರೇಡಿಯೇಟರು. ನಮ್ಮ ಬೋರ್‌ವೆಲ್ಲಿನ ನೀರು ಗಡಸು, ಕೊಳವೆಯೊಳಗೆಲ್ಲ ಉಪ್ಪು ಕಟ್ಟಿತ್ತು. ಅದಿರು ಲಾರಿಗಳ ಊರಲ್ಲಿ ರೇಡಿಯೇಟರ್ ಕೆಲಸದವರಿಗೆ ಬರ ಇಲ್ಲ. ಮೇಲಿನ ಟ್ಯಾಂಕು ಬಿಚ್ಚಿ, ಒಂದೊಂದು ಕೊಳವೆಗೂ ಕಡ್ಡಿ ಹಾಕಿ ಉಜ್ಜಿ ಕೊಟ್ಟರು. ಈಗ ಡಿಸ್ಟಿಲ್ಡ್ ವಾಟರು ಮತ್ತು ಕೂಲೆಂಟು ಬಿಟ್ಟರೆ ಬೇರೆ ಹನಿ ಅದರೊಳಗೆ ಹೋಗುವುದಿಲ್ಲ.

ಫ್ಲೋರಿನ ತಗಡು ಕತ್ತರಿಸಿ ಹೊಸದು ಬೆಸೆದದ್ದು, ಡೆಂಟರ್ ಕೆಲಸ, ಪುಟ್ಟಿ ಹಚ್ಚಿದ್ದು ಬೇಗ ಆಯಿತು. ಬಣ್ಣ ತಡವಾಯಿತು. ಹೊರಗೆ ಮೂರು ಸಲ ಬಣ್ಣ ಮಾಡಿಸಿದ್ದರಿಂದ ಮೊದಲಿನದು ಯಾವುದೆಂದು ಯಾರಿಗೂ ನೆನಪಿರಲಿಲ್ಲ. ಡಿಕ್ಕಿಯ ಒಳಗೆ, ಹಿಂದಿನ ದೀಪ ಬಿಚ್ಚಿದ ಜಾಗದಲ್ಲಿ ಅಂಗೈಯಷ್ಟು ಮೂಲ ಬಣ್ಣ ಉಳಿದಿತ್ತು, ತೆಳು ಬೂದಿ, ಜೋಳದ ಹಿಟ್ಟಿಗೆ ಒಂದು ಚಿಟಿಕೆ ಇದ್ದಿಲು ಬೆರೆಸಿದ ಹಾಗೆ. ಅದನ್ನೇ ತೋರಿಸಿ ಬಣ್ಣ ಕೂಡಿಸಿದೆವು. ಬೇಸಿಗೆಯಲ್ಲಿ ಇಲ್ಲಿ ಹೊಡೆಯಲಾಗುವುದಿಲ್ಲ. ಸುಂಟರಗಾಳಿ ಎದ್ದರೆ ಕೆಂಪು ಧೂಳು ಹಸಿ ಬಣ್ಣದ ಮೇಲೆ ಕೂತು ರಾಗಿ ಚೆಲ್ಲಿದಂತಾಗುತ್ತದೆ. ಪೇಂಟರು ಒಂದು ಮಳೆ ಬೀಳಲಿ ಅಂದರು. ಜೂನಿನಲ್ಲಿ ಮಳೆ ಬಿದ್ದ ಮರುದಿನ ಬೆಳಗಿನ ಆರಕ್ಕೆ, ಸುತ್ತಲೂ ಒದ್ದೆ ಗೋಣಿತಟ್ಟು ಇಳಿಬಿಟ್ಟು ಹೊಡೆದರು.

ಸೀಟಿನ ಕೆಲಸ ನಮ್ಮವರದೇ. ನನ್ನದು ಜೀನ್ಸ್ ಹೊಲಿಯುವವರಿಗೆ ಜಿಪ್ಪು, ಗುಂಡಿ, ದಾರ ಮಾರುವ ಅಂಗಡಿ. ದಪ್ಪ ಬಟ್ಟೆಗೆ ನೆಟ್ಟಗೆ ಹೊಲಿಗೆ ಹಾಕುವುದರಲ್ಲಿ ಬಳ್ಳಾರಿಯ ಟೈಲರುಗಳನ್ನು ಮೀರಿಸುವವರಿಲ್ಲ. ನನ್ನ ಗಿರಾಕಿಯೊಬ್ಬರು ರಾತ್ರಿ ಪಾಳಿ ಮುಗಿಸಿ, ಜೀನ್ಸಿನ ಮಷೀನಿನಲ್ಲೇ ರೆಕ್ಸಿನ್ನು ಹೊಲಿದು ಕೊಟ್ಟರು. ಹಳೆ ಕವರು ಬಿಚ್ಚಿ ಅದೇ ಅಳತೆಗೆ ಕತ್ತರಿಸಿದ್ದರಿಂದ ಒಂದು ಸುಕ್ಕಿಲ್ಲ. ಅವರ ಮಗನಿಗೆ ಮುಂದಿನ ಸೀಟಿನಲ್ಲಿ ಒಂದು ಸುತ್ತು ಅಂತ ಮಾತಾಗಿತ್ತು, ಕೊಟ್ಟೆ.

ಇನ್ನು ಕಾಗದಪತ್ರ. "ಹದಿನೈದು ವರ್ಷ ದಾಟಿದ ಗಾಡಿ ಸರ್ಕಾರ ಮುರಿಸಿ ಹಾಕುತ್ತೆ" ಅಂತ ಬೆದರಿಸಿದವರು ಬಹಳ ಜನ. ವರ್ಷ ನೋಡಿಯೇ ಗಾಡಿ ಓಡಿಸದಂತೆ ತಡೆದ ಕಟ್ಟಳೆ ದೆಹಲಿ ಕಡೆಯದು. ನಮ್ಮಲ್ಲಿ ಸ್ವಂತದ ಕಾರು ತಪಾಸಣೆಯಲ್ಲಿ ಪಾಸಾದರೆ 5 ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಿಕೊಂಡು ಓಡಿಸಬಹುದು.

ನನ್ನೆದುರು ಎರಡು ದಾರಿ ಇದ್ದವು. 2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ಗಾಡಿಗಳಿಗೆ ನಿಯಮ ತಂದಿದೆ. ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು, ಮೂಲ ರೂಪ ಕೆಟ್ಟಿರಬಾರದು. ಹೊಸ ನೋಂದಣಿಗೆ 20,000 ರೂಪಾಯಿ, 10 ವರ್ಷದ ಅವಧಿ, ನಂಬರಿನಲ್ಲಿ ರಾಜ್ಯದ ಅಕ್ಷರದ ಪಕ್ಕ ವಿಎ ಅಂತ ಬರುತ್ತದೆ. ಮೊದಲೇ ನೋಂದಣಿ ಇದ್ದವರು ಹಳೆ ನಂಬರನ್ನೇ ಉಳಿಸಿಕೊಳ್ಳಬಹುದು. ನಮ್ಮದು 51 ವರ್ಷದ ಗಾಡಿ, ಅರ್ಹತೆ ಇತ್ತು. ಗೆಳೆಯರೆಲ್ಲ ವಿಂಟೇಜ್ ಮಾಡಿಸು, ಮರ್ಯಾದೆ ಇರುತ್ತದೆ ಅಂದರು. ಆದರೆ ಆ ನಿಯಮದಲ್ಲಿ ಗಾಡಿಯನ್ನು ದಿನನಿತ್ಯಕ್ಕೆ ರಸ್ತೆಗೆ ಇಳಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ಸಂಶೋಧನೆ, ಪೆಟ್ರೋಲು ಹಾಕಿಸುವುದು, ರಿಪೇರಿ, ಇಷ್ಟಕ್ಕೇ. ಅತ್ತೆಯ ಮನೆಗೆ ಹೋಗುವುದು ಆ ಪಟ್ಟಿಯಲ್ಲಿ ಎಲ್ಲಿದೆ? ಸಂತೆಗೆ ಹೋಗುವುದು, ಮಗಳನ್ನು ಶಾಲೆಯಿಂದ ಕರೆತರುವುದು? ಅಜ್ಜ ಇದನ್ನು ಜೋಪಾನ ಮಾಡಿದ್ದು ಓಡಿಸುವುದಕ್ಕೆ. ನಿಂತು ನಿಂತೇ ಇದು 23 ವರ್ಷ ಹಾಳಾದದ್ದು, ಮತ್ತೆ ನಿಲ್ಲಿಸಲಾರೆ. ಸಾದಾ ನವೀಕರಣದ ದಾರಿಯನ್ನೇ ಹಿಡಿದೆ.

ಮೊದಲು ಗಾಡಿ ಅಜ್ಜನ ಹೆಸರಿನಿಂದ ನನ್ನ ಹೆಸರಿಗೆ ಬರಬೇಕು. ಮಾಲೀಕರು ತೀರಿಕೊಂಡಿದ್ದರೆ ಅದಕ್ಕೆ ಫಾರಂ 31. ಮರಣ ಪತ್ರ, ವಾರಸುದಾರರ ಒಪ್ಪಿಗೆ, ಅಫಿಡವಿಟ್ಟು. ಒಪ್ಪಿಗೆ ಕೊಡಬೇಕಾದವರು ಅಮ್ಮ, ಸಣ್ಣತ್ತೆ, ಮತ್ತು ಷರತ್ತು ಹಾಕಿದ ದೊಡ್ಡತ್ತೆ. ಆಮೇಲೆ ನವೀಕರಣಕ್ಕೆ ಫಾರಂ 25. 2022ರ ಏಪ್ರಿಲ್‌ನಿಂದ ಹಳೆ ಕಾರಿನ ನವೀಕರಣ ಶುಲ್ಕ 5,000 ರೂಪಾಯಿ ಆಗಿತ್ತು, ತಡ ಮಾಡಿದ್ದಕ್ಕೆ ದಂಡ ಬೇರೆ. 1989ಕ್ಕಿಂತ ಮೊದಲಿನ ಮೂರಕ್ಷರದ ನಂಬರು, ಪುಸ್ತಕವೋ ಕೈಬರಹದ್ದು. ಅದು ಕಂಪ್ಯೂಟರಿಗೆ ಏರದೆ ಹೊಗೆ ತಪಾಸಣೆಯ ಸರ್ಟಿಫಿಕೇಟು ಕೂಡ ಹುಟ್ಟುವುದಿಲ್ಲ, ಹೀಗಾಗಿ ಎಲ್ಲಕ್ಕಿಂತ ಮೊದಲು ಬ್ಯಾಕ್‌ಲಾಗ್ ಎಂಟ್ರಿ. ವಿಮೆಯ ಇಬ್ಬರು ಏಜೆಂಟರು ಗಾಡಿಯ ವರ್ಷ ಕೇಳಿ ಫೋನಿಟ್ಟರು, ಮೂರನೆಯವರು ಥರ್ಡ್ ಪಾರ್ಟಿ ಮಾಡಿಕೊಟ್ಟರು.

ಎಲ್ಲ ಸರಿಯಾಯಿತು ಅನ್ನುವಾಗ ಒಂದು ಅಂಕಿ ಅಡ್ಡ ಬಂತು. ಚಾಸಿ ನಂಬರಿನ ಪೆನ್ಸಿಲ್ ಪ್ರಿಂಟು ಕೊಡಬೇಕಿತ್ತು. ಬಾನೆಟ್ಟು ಎತ್ತಿ, ನಂಬರು ಕೊರೆದ ಜಾಗವನ್ನು ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ, ತೆಳು ಕಾಗದ ಹಿಡಿದು ಮೆತ್ತನೆ ಪೆನ್ಸಿಲಿನಿಂದ ಉಜ್ಜಿದೆ. ಒಂದೊಂದೇ ಅಂಕಿ ಬೆಳ್ಳಗೆ ಎದ್ದು ಬಂತು. ಕೊನೆಯಿಂದ ಎರಡನೆಯದು 8. ಅರ್ಜಿಯಲ್ಲಿ ನಾನು ತುಂಬಿದ್ದು 3. ಪುಸ್ತಕದಲ್ಲಿ ಆ ಜಾಗದ ಶಾಯಿ ಹರಡಿತ್ತು, ನನಗೆ 3 ಕಂಡಿತ್ತು, ಗಾಡಿಯನ್ನು ನೋಡದೆ ಬರೆದಿದ್ದೆ. ಪುಸ್ತಕವನ್ನು ಬೆಳಕಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿದರೆ 8ರ ಎಡ ಹೊಟ್ಟೆಯ ಗೆರೆ ಮಸುಕಾಗಿ ಇತ್ತು. ತಿದ್ದುಪಡಿ ಅರ್ಜಿ, ಮತ್ತೆ ಮೂರು ವಾರ. ಹಳೆ ಗಾಡಿಯ ಕಾಗದ ಮಾಡಿಸುವವರು ಪೆನ್ಸಿಲ್ ಪ್ರಿಂಟನ್ನು ಮೊದಲ ದಿನವೇ ತೆಗೆದು ಪಕ್ಕದಲ್ಲಿಟ್ಟುಕೊಳ್ಳಿ.

ತಪಾಸಣೆಯ ದಿನ ಗಾಡಿಯನ್ನು ಲಾರಿಯ ಮೇಲೆ ಹೇರಿಸಿಕೊಂಡು ಹೋದೆವು. ಬ್ರೇಕ್ ಇನ್ಸ್‌ಪೆಕ್ಟರು ದೀಪ, ಇಂಡಿಕೇಟರು, ವೈಪರು, ಹಾರ್ನು ನೋಡಿದರು. ಚಾಸಿ ನಂಬರಿನ ಮೇಲೆ ಬೆರಳಾಡಿಸಿ ಕಾಗದಕ್ಕೆ ತಾಳೆ ಹಾಕಿದರು. ಮೈದಾನದಲ್ಲಿ ಓಡಿಸಿ ಬ್ರೇಕು ಹಾಕಲು ಹೇಳಿದರು. ಗಾಡಿ ನೆಟ್ಟಗೆ ನಿಂತಿತು, ಎಡಕ್ಕೂ ಎಳೆಯಲಿಲ್ಲ, ಬಲಕ್ಕೂ ಎಳೆಯಲಿಲ್ಲ. ದೂರದಲ್ಲಿ ಬೇವಿನ ಮರದ ಕೆಳಗೆ ನಿಂತಿದ್ದ ಚಾಚಾ ಟೋಪಿ ತೆಗೆದು ತಲೆ ಒರೆಸಿಕೊಂಡದ್ದು ನನಗೆ ಕಂಡಿತು. 2024ರ ಫೆಬ್ರವರಿಯಲ್ಲಿ ಅದೇ ಹಳೆ ನಂಬರಿಗೆ, 5 ವರ್ಷದ ಅವಧಿಗೆ, ನನ್ನ ಹೆಸರಿನ ಆರ್‌ಸಿ ಬಂತು.

ಸಿರುಗುಪ್ಪ ಬಳ್ಳಾರಿಯಿಂದ 55 ಕಿಲೋಮೀಟರು. ಮಾರ್ಚಿನ ಒಂದು ಭಾನುವಾರ ಬೆಳಿಗ್ಗೆ ಹೊರಟೆವು. ನಾನು, ಪಕ್ಕದಲ್ಲಿ ಚಾಚಾ, ಹಿಂದೆ ಅಮ್ಮ ಮತ್ತು ಮಗಳು. ಗಂಟೆಗೆ 50 ದಾಟಬಾರದು, ಹೊಸ ಪಿಸ್ಟನ್ನು ಇನ್ನೂ ಒಗ್ಗಬೇಕು. ಊರು ದಾಟಿ ಕಾಲುವೆ ನೀರಿನ ಸೀಮೆ ಬಂದ ಮೇಲೆ ಎರಡೂ ಕಡೆ ಹಸಿರು ಭತ್ತ. ಹನ್ನೊಂದರ ಹೊತ್ತಿಗೆ ಬಿಸಿಲು ಏರಿತು, ಗಾಡಿ ಎರಡು ಸಲ ಮುಗ್ಗರಿಸಿ ನಿಂತೇಹೋಯಿತು. ನನ್ನ ಎದೆ ಧಸಕ್ಕೆಂದಿತು, ಮತ್ತೆ ಹೆಡ್ಡೇ ಇರಬೇಕು ಅಂದುಕೊಂಡೆ. ಚಾಚಾ ಬಿಸಿಯ ಮುಳ್ಳು ತೋರಿಸಿದರು, ಅದು ತನ್ನ ಜಾಗದಲ್ಲೇ ಇತ್ತು.

"ಪಂಪಿನಾಗ ಪೆಟ್ರೋಲು ಆವಿ ಆಗೇತಿ. ನಿಮ್ಮ ತಾತನ ಕಾಲದಾಗೂ ಬ್ಯಾಸಗಿಗೆ ಇದ ಕತಿ. ಡ್ಯಾಶ್‌ಬೋರ್ಡಿನಾಗ ಯಾವಾಗ್ಲೂ ಒಂದು ಅರಿವಿ ಇರ್ತಿತ್ತು."

ಎಂಜಿನ್ನಿನ ಮೈಗೇ ಕಚ್ಚಿಕೊಂಡಿರುವ ಪಂಪು ಅದು, ಎಂಜಿನ್ನು ಕಾದಂತೆ ಅದೂ ಕಾಯುತ್ತದೆ, ಒಳಗಿನ ಪೆಟ್ರೋಲು ಆವಿಯಾಗಿ ಮೇಲಕ್ಕೆ ಏರುವುದಿಲ್ಲ. ಚಾಚಾ ತಮ್ಮ ಹೆಗಲ ಮೇಲಿನ ಟವೆಲ್ಲನ್ನೇ ಕಾಲುವೆಯಲ್ಲಿ ಅದ್ದಿ ಹಿಂಡಿ ಪಂಪಿಗೆ ಸುತ್ತಿದರು. ಸುಂಯ್ ಅಂತ ಹಬೆ ಎದ್ದಿತು. ಹತ್ತು ನಿಮಿಷ ಕೂತೆವು, ಮಗಳು ಕಾಲುವೆಗೆ ಕಲ್ಲು ಎಸೆದಳು. ಕೀಲಿ ತಿರುಗಿಸಿದಾಗ ಒಂದೇ ಸಲಕ್ಕೆ ಹೊತ್ತಿತು. ಈಗ ಪಂಪಿಗೂ ಎಂಜಿನ್ನಿಗೂ ನಡುವೆ ಶಾಖ ತಡೆಯುವ ದಪ್ಪ ಬಿಲ್ಲೆ ಕೂಡಿಸಿದ್ದೇವೆ, ಆದರೂ ಡ್ಯಾಶ್‌ಬೋರ್ಡಿನಲ್ಲಿ ಒಂದು ಬಟ್ಟೆ ಇಟ್ಟಿದ್ದೇನೆ.

ಅತ್ತೆ ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಟ್ಟು ಕಾಯುತ್ತಿದ್ದರು. ಗಾಡಿಗೆ ಆರತಿ ಎತ್ತಿದರು, ನಿಂಬೆಹಣ್ಣು ಇಟ್ಟರು. ಒಂದು ಸುತ್ತು ಸುಮ್ಮನೆ ನೋಡಿ, ಹಿಂದಿನ ಎಡಗಡೆಯ ಬಾಗಿಲು ತೆಗೆದು ಕೂತು ಬಾಗಿಲು ಹಾಕಿಕೊಂಡರು. ಮತ್ತೆ ತೆಗೆದರು, ಮತ್ತೆ ಹಾಕಿದರು.

"ಸಪ್ಪಳ ಇದಲ್ಲ" ಅಂದರು.

"ಯಾವ ಸಪ್ಪಳ ಅತ್ತಿ?"

"ಬಾಗಲದ್ದು. ಇದು ಎರಡನೇ ಸಲಕ್ಕ ಕೂರ್ತತಿ. ಅಪ್ಪ ಜೋರು ಹಾಕಿದ್ರ ಬೈತಿದ್ದ, ಮೆತ್ತಗ ದೂಡಿದ್ರ ಒಂದೇ ಸಲಕ್ಕ ಟಕ್ ಅಂತಿತ್ತು."

ಚಾಚಾ ಆಗಲೇ ಎದ್ದಿದ್ದರು. ಬಾಗಿಲು ತೆರೆದು ಕಂಬದ ಮೇಲಿನ ಲಾಕಿನ ಕೊಂಡಿಯನ್ನು ಹೆಬ್ಬೆರಳಿನಿಂದ ಒತ್ತಿದರು. ಬಣ್ಣ ಮಾಡುವಾಗ ಬಿಚ್ಚಿ ಕೂಡಿಸಿದ್ದು ಒಂದು ನೂಲಿನಷ್ಟು ಕೆಳಗೆ ಕೂತಿತ್ತು. ಸ್ಕ್ರೂಡ್ರೈವರು ಕೇಳಿದರು. ಎರಡು ಸ್ಕ್ರೂ ಸಡಿಲಿಸಿ, ಕೊಂಡಿಯನ್ನು ಅಷ್ಟೇ ಅಷ್ಟು ಮೇಲಕ್ಕೆ ಸರಿಸಿ, ಬಿಗಿದು, ಅತ್ತೆಗೆ "ಈಗ ಹಾಕ್ರಿ ಅಕ್ಕಾರ" ಅಂದರು.

ಅತ್ತೆ ಎರಡು ಬೆರಳಿನಿಂದ ದೂಡಿದರು. ಟಕ್ ಅಂದಿತು.

"ಹಾಂ" ಅಂದರು. "ಇನ್ನ ಎಲ್ರೂ ಒಳಗ ಬರ್ರಿ, ಹೋಳಿಗಿ ಆರತಾವು."